ಸೇವೆ ಎಲ್ಲಿ ಸಿಗುತ್ತದೆ, ಸ್ವಾಮಿ?



ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಿ ಸ್ವಾಮಿಗಳೇ, ಎರಡನೇ ಮೂರನೇ ವರ್ಷದ ಮಾಲೆ ಹಾಕಿದ ತಮ್ಮಂದಿರೇ,

ವೃಶ್ಚಿಕ ಮಾಸ ಹುಟ್ಟಿ ಮಾಲೆ ಹಾಕಿದ ಮೊದಲ ವಾರದಿಂದಲೇ ಈ ಪ್ರಶ್ನೆ ಶುರುವಾಗುತ್ತದೆ. “ಸ್ವಾಮಿ, ನಾನು ಹನ್ನೊಂದನೇ ಕ್ಲಾಸು. ಏನಾದರೂ ಸೇವೆ ಮಾಡಬೇಕೆಂದಿದೆ. ಎಲ್ಲಿ ಮಾಡುವುದು?” ಕೆಲವರು ಮೆಲ್ಲಗೆ ಇನ್ನೊಂದು ಮಾತು ಸೇರಿಸುತ್ತಾರೆ: ಕಾಲೇಜಿನಲ್ಲಿ ಸರ್ಟಿಫಿಕೇಟ್ ಕೇಳಿದ್ದಾರೆ ಎಂದು. ನಾವು ಹಿರಿಯರು ಕೊಡುವ ಉತ್ತರ ಒಂದೇ. ಮಹಾಪೂಜೆಯ ದಿನ ಬನ್ನಿ, ಅನ್ನದಾನಕ್ಕೆ ಬಡಿಸಿ. ಅದು ತಪ್ಪಲ್ಲ. ನಮ್ಮ ಸ್ವಾಮಿ ಅನ್ನದಾನ ಪ್ರಭು. ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ಬಗ್ಗಿ ಬಗ್ಗಿ ಬಡಿಸಿದ ಹುಡುಗನಿಗೆ ಆ ರಾತ್ರಿ ಬರುವ ನಿದ್ದೆಯೇ ಬೇರೆ. ಆದರೆ ಅದು ವರ್ಷಕ್ಕೊಂದು ದಿನದ ಮಾತು. ಮಕರ ಜ್ಯೋತಿ ಕಳೆದು, ಮಾಲೆ ತೆಗೆದು, ಮತ್ತೆ ಚಪ್ಪಲಿ ಮೆಟ್ಟಿದ ಮೇಲೆ ಆ ಹುಡುಗನಿಗೆ ನಾವು ಏನು ಕೆಲಸ ಕೊಟ್ಟಿದ್ದೇವೆ? ಮುಂದಿನ ನವೆಂಬರಿನವರೆಗೆ ಏನೂ ಇಲ್ಲ. ಆದ್ದರಿಂದ ಇವತ್ತಿನ ಚಿಂತನೆಯಲ್ಲಿ ಪುರಾಣವೂ ಇದೆ, ವಿಳಾಸವೂ ಇದೆ.

ಮೊದಲು ಪುರಾಣ. ಮಣಿಕಂಠ ಹುಲಿಹಾಲಿಗೆಂದು ಕಾಡಿಗೆ ಹೊರಟಾಗ ಅವನ ವಯಸ್ಸು ಹನ್ನೆರಡು. ಈಗಿನ ಲೆಕ್ಕದಲ್ಲಿ ಏಳನೇ ಕ್ಲಾಸಿನ ಹುಡುಗ. ಆ ಕತೆ ಎಲ್ಲರಿಗೂ ಗೊತ್ತು, ಹುಲಿಯ ಬೆನ್ನೇರಿ ಬಂದ ಚಿತ್ರ ಪ್ರತಿ ಅಂಗಡಿಯಲ್ಲಿದೆ. ಅದಕ್ಕಿಂತ ಮೊದಲಿನ ಒಂದು ಕತೆಯನ್ನು ಮಾತ್ರ ನಾವು ಬೇಗ ಬೇಗ ಹೇಳಿ ಮುಂದೆ ಹೋಗುತ್ತೇವೆ. ವಿದ್ಯಾಭ್ಯಾಸ ಮುಗಿಸಿದ ಮಣಿಕಂಠ ಗುರುದಕ್ಷಿಣೆ ಏನು ಕೊಡಲಿ ಎಂದು ಕೇಳಿದ. ಗುರುವಿನ ಮಗನಿಗೆ ಕಣ್ಣು ಕಾಣುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅರಮನೆಯ ಹುಡುಗನ ಹತ್ತಿರ ಗುರು ಚಿನ್ನ ಕೇಳಲಿಲ್ಲ, ಭೂಮಿ ಕೇಳಲಿಲ್ಲ. ನನ್ನ ಮಗನಿಗೆ ದೃಷ್ಟಿ ಕೊಡು, ಮಾತು ಕೊಡು ಎಂದರು. ಮಣಿಕಂಠ ಆ ಮಗುವಿನ ಮೇಲೆ ಕೈಯಿಟ್ಟ. ಕಣ್ಣು ಬಂತು, ಮಾತು ಬಂತು. ಆಮೇಲೆ ಅವನು ಗುರುವಿಗೆ ಮಾಡಿದ ವಿನಂತಿ ಒಂದೇ: ಇದನ್ನು ಯಾರಿಗೂ ಹೇಳಬೇಡಿ.

ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ನಮ್ಮ ಕೈಯಿಟ್ಟರೆ ಯಾರಿಗೂ ಕಣ್ಣು ಬರುವುದಿಲ್ಲ. ನಿಜ. ಆದರೆ ಮೂರು ನಾಲ್ಕು ಗಂಟೆ ನಮ್ಮ ಕಣ್ಣನ್ನು, ಕೈಯನ್ನು ಎರವಲು ಕೊಡಬಹುದಲ್ಲ? ಫೆಬ್ರವರಿ ಮಾರ್ಚ್‌ನಲ್ಲಿ ಎಸ್‌ಎಸ್‌ಸಿ, ಎಚ್‌ಎಸ್‌ಸಿ ಪರೀಕ್ಷೆ ಬರುತ್ತದೆ. ದೃಷ್ಟಿಯಿಲ್ಲದ ಮಕ್ಕಳು ಉತ್ತರ ಬಾಯಲ್ಲಿ ಹೇಳುತ್ತಾರೆ, ಪಕ್ಕದಲ್ಲಿ ಕುಳಿತವರು ಬರೆಯಬೇಕು. ನಮ್ಮಲ್ಲಿ ಎಲ್ಲರೂ ಅವರಿಗೆ ರೈಟರ್ ಎನ್ನುತ್ತಾರೆ. ಈ ರೈಟರ್ ಸಿಗದೆ ಆ ಮಕ್ಕಳ ತಾಯಂದಿರು ಪರೀಕ್ಷೆಗೆ ನಾಲ್ಕು ದಿನ ಇರುವಾಗಲೂ ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾರೆ. ದೊಡ್ಡವರು ಯಾಕೆ ಹೋಗಬಾರದು ಎಂದರೆ, ನಿಯಮ ಬಿಡುವುದಿಲ್ಲ. ಪರೀಕ್ಷೆ ಬರೆಯುವವನಿಗಿಂತ ರೈಟರ್ ಕೆಳಗಿನ ತರಗತಿಯವನಾಗಿರಬೇಕು. ಅಂದರೆ ಹತ್ತನೆಯ ತರಗತಿಯ ಕುರುಡ ವಿದ್ಯಾರ್ಥಿಗೆ ಬರೆಯಲು ಒಂಬತ್ತನೆಯ ತರಗತಿಯ ನೀನೇ ಬೇಕು. ನಿನ್ನ ಅಪ್ಪ ಎಷ್ಟು ದೊಡ್ಡ ಇಂಜಿನಿಯರ್ ಆದರೂ ಆ ಕುರ್ಚಿ ಅವರಿಗಿಲ್ಲ. ಹದಿನಾಲ್ಕು ಹದಿನೈದರ ಹುಡುಗರಿಗೇ ಮೀಸಲಾದ ಸೇವೆ ಎಂದು ಒಂದಿದ್ದರೆ ಅದು ಇದು.

ಹೇಗೆ ಮಾಡುವುದು? ನಿಮ್ಮ ಶಾಲೆಯ ಹೆಡ್‌ಮಾಸ್ಟರರಿಗೆ ಡಿಸೆಂಬರಿನಲ್ಲೇ ಹೇಳಿಡಿ, ನಾನು ರೈಟರ್ ಆಗಲು ತಯಾರಿದ್ದೇನೆ ಎಂದು. ಅನುಮತಿ ಪತ್ರ ಶಾಲೆಯ ಮೂಲಕವೇ ಆಗಬೇಕು. ಮೂರು ಗಂಟೆಯ ಪೇಪರಿಗೆ ಅವರಿಗೆ ಗಂಟೆಗೆ 20 ನಿಮಿಷದಂತೆ ಇನ್ನೂ ಒಂದು ಗಂಟೆ ಹೆಚ್ಚು ಸಿಗುತ್ತದೆ, ಆದ್ದರಿಂದ ನಾಲ್ಕು ಗಂಟೆ ಕೂರುವ ತಾಳ್ಮೆ ಬೇಕು. ಪರೀಕ್ಷೆಗೆ ಮೊದಲು ಒಂದೆರಡು ಸಲ ಆ ವಿದ್ಯಾರ್ಥಿಯ ಜೊತೆ ಕೂತು ಅಭ್ಯಾಸ ಮಾಡಿ. ಅವನು ಹೇಳುವ ವೇಗ, ನೀನು ಬರೆಯುವ ವೇಗ ಹೊಂದಬೇಕು. ಇನ್ನೊಂದು ಮಾತು, ಇದೇ ಕಷ್ಟದ್ದು. ಅವನು ಹೇಳಿದ ಉತ್ತರ ತಪ್ಪೆಂದು ನಿನಗೆ ಗೊತ್ತಿದ್ದರೂ ಅವನು ಹೇಳಿದ್ದನ್ನೇ ಬರೆಯಬೇಕು. ತಿದ್ದುವ ಹಾಗಿಲ್ಲ, ಹುಬ್ಬು ಏರಿಸುವ ಹಾಗೂ ಇಲ್ಲ. ನಲವತ್ತೊಂದು ದಿನ ನಾಲಿಗೆಯನ್ನು ಹಿಡಿತದಲ್ಲಿಟ್ಟ ಹುಡುಗನಿಗೆ ಇದು ಆಗದ ಕೆಲಸವಲ್ಲ. ನಲವತ್ತೊಂದು ದಿನ ಬೈಗುಳ ಬಿಟ್ಟದ್ದು ಮತ್ಯಾತಕ್ಕೆ?

ಸನ್ನಿಧಾನದ ಎದುರು ತತ್ತ್ವಮಸಿ ಎಂದು ಬರೆದಿದೆ. ನೀನು ಅದೇ ಆಗಿದ್ದೀ. ಮಾಲೆ ಹಾಕಿದ ಕೂಡಲೇ ನಾವು ಎದುರಿನವನನ್ನು ಸ್ವಾಮಿ ಎನ್ನುತ್ತೇವೆ. ಆರು ವರ್ಷದ ಕನ್ನಿಯೂ ಸ್ವಾಮಿ, ಎಪ್ಪತ್ತರ ಗುರುಸ್ವಾಮಿಯೂ ಸ್ವಾಮಿ. ಕಾಲೇಜಿಗೆ ಹೋಗುವವರು ಎನ್‌ಎಸ್‌ಎಸ್‌ನ ಧ್ಯೇಯವಾಕ್ಯ ನೋಡಿರಬೇಕು: ನಾನಲ್ಲ, ನೀನು. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ಶುರುವಾದ ಯೋಜನೆ ಅದು. ಶಬರಿಮಲೆಯ ಬಾಗಿಲಿನ ಮಾತಿಗೂ ಕಾಲೇಜಿನ ಬೋರ್ಡಿನ ಮಾತಿಗೂ ಬಹಳ ದೂರವಿಲ್ಲ. ಆದ್ದರಿಂದ ಹನ್ನೊಂದನೇ ಕ್ಲಾಸಿನಿಂದ ಮೇಲಿನವರು ನಿಮ್ಮ ಕಾಲೇಜಿನಲ್ಲಿ ಎನ್‌ಎಸ್‌ಎಸ್ ಘಟಕ ಇದೆಯೇ ಎಂದು ಮೊದಲು ಕೇಳಿ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ಹಳ್ಳಿ ಶಿಬಿರ. ಸರ್ಟಿಫಿಕೇಟ್ ಸಿಗುತ್ತದೆ. ತೆಗೆದುಕೊಳ್ಳಿ, ನಾಚಿಕೆ ಬೇಡ. ಹೊಟ್ಟೆಗೆ ಪ್ರಸಾದ ಸಿಗುತ್ತದೆಂದು ದೇವಸ್ಥಾನಕ್ಕೆ ಹೋಗಲು ಶುರು ಮಾಡಿದವರೇ ನಾವೆಲ್ಲ. ಆದರೆ ಸಹಿ ಹಾಕಿಸಿಕೊಂಡು ಹಿಂಬಾಗಿಲಿನಿಂದ ಹೊರಟುಹೋಗುವ ಅಭ್ಯಾಸ ಕೆಲವರಿಗಿದೆ. ಅದು ತುಪ್ಪವಿಲ್ಲದ ತೆಂಗಿನಕಾಯಿಯನ್ನು ಇರುಮುಡಿಯಲ್ಲಿ ಕಟ್ಟಿ ಹೊತ್ತ ಹಾಗೆ.

ಇರುಮುಡಿ ಎಂದಾಗ ನೆನಪಾಯಿತು. ಎರಡು ಗಂಟು. ಮುಂದಿನದರಲ್ಲಿ ಸ್ವಾಮಿಗೆ ಒಪ್ಪಿಸುವ ತುಪ್ಪದ ಕಾಯಿ, ಪೂಜೆಯ ಸಾಮಾನು. ಹಿಂದಿನದರಲ್ಲಿ ನಮ್ಮ ದಾರಿಯ ಬುತ್ತಿ. ಹಿಂದಿನ ಕಾಲದಲ್ಲಿ ಆ ಹಿಂದಿನ ಗಂಟಿನ ಅಕ್ಕಿಯನ್ನೂ ಒಬ್ಬೊಬ್ಬರೇ ಉಣ್ಣುತ್ತಿರಲಿಲ್ಲ. ಪಂಪೆಯ ದಡದಲ್ಲಿ ಎಲ್ಲರ ಅಕ್ಕಿ ಒಂದೇ ಪಾತ್ರೆಗೆ ಬೀಳುತ್ತಿತ್ತು, ಪಂಪಾ ಸದ್ಯ ಆಗುತ್ತಿತ್ತು, ಬಂದವರಿಗೆಲ್ಲ ಎಲೆ ಹಾಕುತ್ತಿದ್ದರು. ನಮ್ಮ ಪಾಲಿನ ಬುತ್ತಿಯಲ್ಲೂ ಇನ್ನೊಬ್ಬರಿಗೆ ಪಾಲಿತ್ತು ಎಂದಾಯಿತು. ನಿಮ್ಮ ಮನೆಯವರು ಹೇಳುತ್ತಾರೆ, ಹತ್ತನೇ ಕ್ಲಾಸು ಈ ವರ್ಷ, ಸೇವೆಗೀವೆ ಏನೂ ಬೇಡ ಎಂದು. ಅವರ ಭಯ ಸುಳ್ಳಲ್ಲ. ಹಾಗಾಗಿ ಲೆಕ್ಕ ಸಣ್ಣದಿರಲಿ. ಮಂಡಲದ 41 ದಿನಗಳಲ್ಲಿ ಆರು ಭಾನುವಾರ ಹಿಡಿಯಿರಿ. ಭಾನುವಾರಕ್ಕೆ ಎರಡು ಗಂಟೆ. ಹನ್ನೆರಡು ಗಂಟೆ ಕೊಟ್ಟರೆ ಯಾರ ಪರ್ಸೆಂಟೇಜೂ ಇಳಿಯುವುದಿಲ್ಲ. ಆ ಹೊತ್ತು ರೀಲ್ಸ್‌ನಿಂದ ಬರಲಿ, ಪುಸ್ತಕದಿಂದ ಬೇಡ.

ಈಗ ನಮ್ಮ ಊರುಗಳಿಗೆ ಬರೋಣ.

ಡೊಂಬಿವಲಿಯಿಂದ ಕಲ್ಯಾಣಕ್ಕೆ ಹೋಗುವಾಗ ಪತ್ರಿಪುಲ್ ಬರುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿ ಶಪಿಸದವರು ನಮ್ಮಲ್ಲಿ ಯಾರೂ ಇರಲಾರರು. ಅದರ ಹತ್ತಿರವೇ ಹನುಮಾನ್ ನಗರದಲ್ಲಿ ಕುಷ್ಠರೋಗದಿಂದ ಬಳಲಿದವರ ವಸತಿ ಇದೆ. ಅಲ್ಲಿಯ ಜನರ ನಡುವೆ ವರ್ಷಾನುಗಟ್ಟಲೆ ಕೆಲಸ ಮಾಡಿದವರು ಗಜಾನನ ಮಾನೆ. ನೌಕಾಪಡೆಯಲ್ಲಿ ದುಡಿದು ಬಂದವರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಹುಡುಗರಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತು? ಐಪಿಎಲ್ ತಂಡದ ಹನ್ನೊಂದು ಹೆಸರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ, ನಮ್ಮ ಸ್ಟೇಷನ್ ಪಕ್ಕದ ಪದ್ಮಶ್ರೀ ಗೊತ್ತಿಲ್ಲ.

ಈ ವಿಷಯದಲ್ಲಿ ಒಂದು ಸಂಶಯ ಬರುತ್ತದೆ, ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಮಾಲೆ ಹಾಕಿದವರು ಅಂಥವರನ್ನು ಮುಟ್ಟಬಹುದೇ, ವ್ರತಕ್ಕೆ ಭಂಗವಲ್ಲವೇ? ಇಲ್ಲ. ಕುಷ್ಠರೋಗ ಔಷಧದಿಂದ ಪೂರ್ತಿ ಗುಣವಾಗುವ ಕಾಯಿಲೆ. ಔಷಧ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಗುಣವಾದವರ ಕೈಬೆರಳು ಮೊಂಡಾಗಿರಬಹುದು, ರೋಗ ಅಲ್ಲಿಲ್ಲ. ಶುದ್ಧ ಅಶುದ್ಧದ ಲೆಕ್ಕ ಹಾಕುವವರು ಒಮ್ಮೆ ಯೋಚಿಸಿ, ಸ್ವಾಮಿಯ ಕತೆಯಲ್ಲಿ ಕಾಡಿನ ಶಬರಿ ಇದ್ದಾಳೆ, ವಾವರ್ ಸ್ವಾಮಿ ಇದ್ದಾರೆ. ಯಾರನ್ನು ಹೊರಗೆ ನಿಲ್ಲಿಸಿದ್ದಾರೆ ಹೇಳಿ. ಆದರೆ ಅಂಥ ವಸತಿಗೆ ನಾಲ್ಕು ಬಾಳೆಹಣ್ಣು ಹಿಡಿದು, ಫೋಟೋ ತೆಗೆದು ಬರಲು ಹೋಗಬೇಡಿ. ಅಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಅವರ ನಡುವೆ ಈಗಾಗಲೇ ಕೆಲಸ ಮಾಡುತ್ತಿರುವವರನ್ನು ಹಿರಿಯರೊಬ್ಬರ ಜೊತೆ ಮೊದಲು ಕಂಡು, ಏನು ಬೇಕಿದೆ ಎಂದು ಕೇಳಿ. ಹಣ್ಣು ಬೇಡ, ಮಕ್ಕಳಿಗೆ ಗಣಿತ ಹೇಳಿಕೊಡಿ ಎಂದರೆ ಗಣಿತ ಹೇಳಿಕೊಡಿ. ಪನ್ವೇಲ್ ಕಡೆಯವರಿಗೆ ನೆರೆ ಗ್ರಾಮದ ಶಾಂತಿವನ ಇದೆ, ಅದೂ ಇದೇ ಕೆಲಸದಿಂದ ಬೆಳೆದ ಸ್ಥಳ.

ಠಾಣೆಯವರು ತೀನ್ ಹಾತ್ ನಾಕಾದ ಫ್ಲೈಓವರ್ ಕೆಳಗೆ ಒಮ್ಮೆ ತಿರುಗಿ ನೋಡಿ. ಸಿಗ್ನಲ್‌ನಲ್ಲಿ ಹೂವು, ಗಜರಾ, ಪೆನ್ನು ಮಾರುವ ಮಕ್ಕಳಿಗಾಗಿ 2016ರಿಂದ ಅಲ್ಲಿಯೇ, ಸೇತುವೆಯ ನೆರಳಿನಲ್ಲಿ, ಕಂಟೇನರುಗಳಲ್ಲಿ ಶಾಲೆ ನಡೆದಿದೆ. ಸಿಗ್ನಲ್ ಶಾಳಾ ಎಂದು ಹೆಸರು. ಸಮರ್ಥ ಭಾರತ ವ್ಯಾಸಪೀಠದವರು ಮಹಾನಗರಪಾಲಿಕೆಯ ಜೊತೆ ಸೇರಿ ಶುರು ಮಾಡಿದ್ದು. ಅಲ್ಲಿ ಓದಿದ ಮಕ್ಕಳು ಎಸ್‌ಎಸ್‌ಸಿ ಪಾಸಾಗಿದ್ದಾರೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರ ಮಕ್ಕಳು ಅವರು.

ನಾವೂ ಅಂಥವರ ಮಕ್ಕಳೇ, ಮರೆಯಬಾರದು. ನಿಮ್ಮ ಅಜ್ಜಂದಿರು ಉಡುಪಿ, ಕುಂದಾಪುರ, ಕಾರ್ಕಳ, ಕಾಸರಗೋಡಿನ ಕಡೆಯಿಂದ ಹನ್ನೆರಡು ಹದಿಮೂರು ವರ್ಷಕ್ಕೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದರು, ಮೇಜಿನ ಮೇಲೆಯೇ ಮಲಗಿದರು. ಹಗಲು ದುಡಿದ ಆ ಹುಡುಗರಿಗೆ ಕನ್ನಡ ರಾತ್ರಿ ಶಾಲೆಗಳು ಇದ್ದವು. ಸಮಾಜದ ಸಂಘಗಳು, 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥವು, ತಮ್ಮ ಹುಡುಗರ ಓದಿನ ಭಾರ ಹೊತ್ತವು. ಆಫೀಸಿನಿಂದ ದಣಿದು ಬಂದ ಗುಮಾಸ್ತರು ರಾತ್ರಿ ಒಂಬತ್ತಕ್ಕೆ ಆ ಹುಡುಗರಿಗೆ ಇಂಗ್ಲಿಷ್ ಗ್ರಾಮರ್ ಹೇಳಿಕೊಟ್ಟರು. ಹಾಗೆ ಓದಿದವರು ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೆಲು ಹಾಕಿದರು. ನಾವು ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆ, ನೆರೂಳ್‌ನಲ್ಲಿ ಟೂ ಬಿಎಚ್‌ಕೆ ಎಂದು ಹೇಳಿಕೊಳ್ಳುವುದರ ಹಿಂದೆ ಆ ರಾತ್ರಿ ಶಾಲೆಯ ಬಲ್ಬು ಇದೆ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ನಡೆಸುತ್ತ ಬಂದಿರುವುದೂ ಆ ಪರಂಪರೆಯಲ್ಲೇ. ನಿಮ್ಮ ಬಿಲ್ಡಿಂಗಿನ ವಾಚ್‌ಮನ್ನನ ಮಗನಿಗೆ, ಪಕ್ಕದ ಹೋಟೆಲಿನ ಹುಡುಗನಿಗೆ ವಾರಕ್ಕೆರಡು ದಿನ ಒಂದು ಗಂಟೆ ಓದಿಸಿದರೆ ಹೊಸ ಸೇವೆಯೇನೂ ಅಲ್ಲ, ಹಳೆಯ ಸಾಲ.

ನವೆಂಬರ್ ತಿಂಗಳಿಗೇ ಹೊಂದುವ ಇನ್ನೊಂದು ಕೆಲಸವಿದೆ. ಪಿಂಚಣಿ ಪಡೆಯುವ ಅಜ್ಜ ಅಜ್ಜಿಯರು ತಾವು ಬದುಕಿದ್ದೇವೆ ಎಂಬ ಪತ್ರವನ್ನು ವರ್ಷಕ್ಕೊಮ್ಮೆ ಕೊಡಬೇಕು. ಇಲ್ಲಿ ಮರಾಠಿಯಲ್ಲಿ ಹಯಾತೀಚಾ ದಾಖಲಾ ಎನ್ನುತ್ತಾರಲ್ಲ, ಅದು. ಸರಕಾರಿ ಪಿಂಚಣಿದಾರರಿಗೆ ಹೆಚ್ಚಾಗಿ ನವೆಂಬರಿನಲ್ಲೇ. ಈಗ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮುಗಿಸಬಹುದು, ಖರ್ಚಿಲ್ಲ. ಆದರೆ ಎಂಬತ್ತರ ಅಜ್ಜಿಗೆ ಆ ಆ್ಯಪ್ ತೆರೆಯುವುದು ನೀಲಿಮಲೆ ಹತ್ತಿದಷ್ಟೇ ಕಷ್ಟ. ಮಗ ಸೊಸೆ ಬೆಳಿಗ್ಗೆ 7:40ರ ಲೋಕಲ್ ಹಿಡಿದರೆ ರಾತ್ರಿಯೇ ಬರುವುದು. ನೀವು ಹತ್ತು ನಿಮಿಷದಲ್ಲಿ ಮಾಡಿಕೊಡಬಹುದು. ಒಂದೇ ಎಚ್ಚರ. ಅಜ್ಜಿಯ ಫೋನಿನಲ್ಲೇ ಮಾಡಿ, ಮನೆಯವರಿಗೆ ಹೇಳಿಯೇ ಮಾಡಿ. ಆಧಾರ್ ಕಾರ್ಡಿನ ಫೋಟೋ ನಿಮ್ಮ ಫೋನಿನಲ್ಲಿ ಉಳಿಯಬಾರದು. ಓಟಿಪಿ ಅವರೇ ಓದಲಿ, ಅವರೇ ಒತ್ತಲಿ, ಎಷ್ಟು ಹೊತ್ತಾದರೂ ಆಗಲಿ. ಮುಗಿದ ಮೇಲೆ ಅಜ್ಜಿ ಚಹಾ ಕುಡಿಯಲು ಹೇಳುತ್ತಾರೆ. ಕುಡಿದು, ಅವರು ಹೇಳುವ ಊರಿನ ಕತೆ ಕೇಳಿ ಬನ್ನಿ.

ನವಿ ಮುಂಬಯಿಯವರಿಗೆ ಖಾಡಿ ಇದೆ. ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಆಯಿತು, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಆ ಹಕ್ಕಿಗಳೂ ಹೆಚ್ಚುಕಡಿಮೆ ನಮ್ಮ ಮಾಲೆಯ ಕಾಲಕ್ಕೇ ಬರುತ್ತವೆ. ಐರೋಲಿಯಿಂದ ನೆರೂಳ್‌ವರೆಗೆ ಕಾಂಡ್ಲಾ ಗಿಡಗಳ ಬೇರಿನಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ, ಭಾನುವಾರ ಬೆಳಿಗ್ಗೆ ಅದನ್ನು ಹೆಕ್ಕುವ ತಂಡಗಳಿವೆ. ವ್ರತದ ಹುಡುಗರು ಬರಿಗಾಲು ಎಂದು ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯ ಹೀಗಿದೆ, ನಿಮ್ಮ ಗುರುಸ್ವಾಮಿಯನ್ನೂ ಕೇಳಿ. ಆ ಕೆಸರಿನಲ್ಲಿ ಗಾಜು ಇದೆ, ಸೂಜಿ ಇದೆ. ಇಳಿಯುವ ಒಂದು ಗಂಟೆ ಗಮ್‌ಬೂಟು, ಕೈಗವಸು ಹಾಕಿ. ಬರಿಗಾಲಿನ ನಿಯಮ ನಮ್ಮ ಅಹಂಕಾರವನ್ನು ನೆಲಕ್ಕಿಳಿಸಲು ಇರುವುದು, ಹುಡುಗರ ಪಾದಕ್ಕೆ ಸೆಪ್ಟಿಕ್ ಮಾಡಿಸಲು ಅಲ್ಲ. ಮನಸ್ಸು ಒಪ್ಪದಿದ್ದರೆ ದಡದಲ್ಲಿ ನಿಂತು ಚೀಲ ಕಟ್ಟಿ, ತೂಕ ಬರೆದುಕೊಳ್ಳಿ.

ಇದೆಲ್ಲ ವ್ರತಕ್ಕೆ ಹೊರಗಿನ ವಿಷಯ ಎನ್ನುವವರಿಗೆ ಒಂದು ಮಾತು. ಶಬರಿಮಲೆಯಲ್ಲೇ 2011ರಲ್ಲಿ ಪುಣ್ಯಂ ಪೂಂಕಾವನಂ ಆರಂಭವಾಯಿತು. ಕೇರಳದ ಪೊಲೀಸ್ ಅಧಿಕಾರಿ ಪಿ. ವಿಜಯನ್ ಶುರು ಮಾಡಿದ್ದು. ಯಾತ್ರಿಕರು ತಾವು ತಂದ ಕಸ ತಾವೇ ವಾಪಸು ಒಯ್ಯಬೇಕು, ಪಂಪೆಯಲ್ಲಿ ಸೋಪು ಹಚ್ಚಬಾರದು, ಬಟ್ಟೆ ಬಿಡಬಾರದು, ಒಂದು ಗಂಟೆ ಪೊರಕೆ ಹಿಡಿಯಬೇಕು. ಪಂಪೆಯಲ್ಲಿ ಬಟ್ಟೆ ಬಿಡುವ ಆಚಾರ ಯಾವ ಶಾಸ್ತ್ರದಲ್ಲೂ ಇಲ್ಲ. ಅದನ್ನು ನಡೆಸುತ್ತಿರುವವರು ಹೊರ ರಾಜ್ಯದಿಂದ ಹೋಗುವ ನಮ್ಮಂಥವರೇ. ಈ ಸಲ ನಮ್ಮ ಬಸ್ಸಿನ ಹುಡುಗರು ಆ ಒಂದು ಗಂಟೆ ಕೊಡಲಿ. ಹದಿನೆಂಟು ಮೆಟ್ಟಿಲು ಹತ್ತುವುದು ಭಾಗ್ಯ, ಒಪ್ಪೋಣ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿ ಪಂಪೆಯ ದಡ ಕೊಚ್ಚಿಹೋದಾಗ ಒಬ್ಬ ಮುಸ್ಲಿಂ ಮೀನುಗಾರ ಯುವಕ ನೀರಿನಲ್ಲಿ ಮಂಡಿಯೂರಿ ಬಗ್ಗಿದ. ಹೆಂಗಸರು ಅವನ ಬೆನ್ನಿನ ಮೇಲೆ ಕಾಲಿಟ್ಟು ದೋಣಿ ಹತ್ತಿದರು. ಅವನು ಹತ್ತಿದ ಮೆಟ್ಟಿಲಲ್ಲ ಅದು, ಅವನೇ ಆದ ಮೆಟ್ಟಿಲು.

ಈ ಸಾಲುಗಳನ್ನು ಅಣ್ಣನ ಫೋನಿನಲ್ಲಿ ಓದುತ್ತಿರುವ ತಂಗಿಯಂದಿರೂ ಇರುತ್ತಾರೆ. ಮನೆಯಲ್ಲಿ ಒಬ್ಬ ಮಾಲೆ ಹಾಕಿದರೆ ಬೆಳಿಗ್ಗೆ ನಾಲ್ಕಕ್ಕೆ ಏಳುವುದು ಅಮ್ಮ, ಪೂಜೆಯ ಪಾತ್ರೆ ತೊಳೆಯುವುದು ತಂಗಿ. ಮಲೆಗೆ ಹೋಗುವ ವಿಷಯದಲ್ಲಿ ವಯಸ್ಸಿನ ಸಂಪ್ರದಾಯವಿದೆ, ಸೇವೆಯ ವಿಷಯದಲ್ಲಿ ಅದು ಇಲ್ಲ. ಮೇಲೆ ಹೇಳಿದ ಯಾವ ಕೆಲಸಕ್ಕೂ ಅವರು ಬರಬಹುದು, ಬರಬೇಕು. ಅಣ್ಣ ಆ ಭಾನುವಾರ ಪಾತ್ರೆ ತೊಳೆಯಲಿ.

ಕೆಲವು ಕಟ್ಟುನಿಟ್ಟು. ಹದಿನೆಂಟು ತುಂಬದವರು ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಹೋಗಬಾರದು, ಒಬ್ಬರೇ ಹೋಗಬಾರದು, ಜೊತೆಗೆ ಗುರುತಿನ ಹಿರಿಯರೊಬ್ಬರು ಇರಲೇಬೇಕು. ಯಾವ ಸಂಸ್ಥೆಯಾದರೂ ನಿಮ್ಮಿಂದ ದುಡ್ಡು ಕೇಳಿದರೆ, ಅಥವಾ ಡಬ್ಬಿ ಹಿಡಿದು ರೈಲಿನಲ್ಲಿ ಚಂದಾ ಎತ್ತಲು ಕಳಿಸಿದರೆ, ಬೇಡ ಎಂದು ಬನ್ನಿ. ರಕ್ತದಾನಕ್ಕೆ ಹದಿನೆಂಟು ವರ್ಷ, 45 ಕಿಲೋ ತೂಕ ಆಗಿರಬೇಕು. ಅದಕ್ಕಿಂತ ಚಿಕ್ಕವರು ವಯಸ್ಸು ಸುಳ್ಳು ಹೇಳಬೇಡಿ, ಶಿಬಿರದಲ್ಲಿ ಕುರ್ಚಿ ಹಾಕಿ, ಬಿಸ್ಕತ್ತು ಕೊಡಿ. ಗರ್ದಿಯ ಲೋಕಲ್‌ನಲ್ಲಿ ಬಾಗಿಲಿಗೆ ನೇತಾಡಿ ಸೇವೆಗೆ ಹೋಗುವುದು ಸೇವೆಯಲ್ಲ, ಅಮ್ಮನಿಗೆ ಕೊಡುವ ಹಿಂಸೆ. ಮತ್ತೆ ಫೋಟೋ. ನಿಮ್ಮ ಮುಖ ಹಾಕಿಕೊಳ್ಳಿ, ಯಾರು ಬೇಡವೆಂದರು? ಪಡೆದವರ ಮುಖ ಹಾಕಬೇಡಿ. ಗುರುವಿನ ಮಗನಿಗೆ ಕಣ್ಣು ಕೊಟ್ಟವನು ಯಾರಿಗೂ ಹೇಳಬೇಡಿ ಎಂದದ್ದು ನೆನಪಿದೆಯಲ್ಲ?

ನಮ್ಮ ಪೂಜೆಯಲ್ಲೂ ಅನ್ನ ಉಳಿಯುತ್ತದೆ. ಇನ್ನೂರು ಜನರ ಅಂದಾಜಿಗೆ ಮುನ್ನೂರು ಜನರ ಅಡುಗೆ ಮಾಡುವುದು ನಮ್ಮ ಸಂಪ್ರದಾಯವೇ ಆಗಿದೆ. ರಾಬಿನ್ ಹುಡ್ ಆರ್ಮಿಯವರು ದುಡ್ಡು ಮುಟ್ಟದೆ ಉಳಿದ ಊಟವನ್ನು ಒಯ್ದು ಹಂಚುತ್ತಾರೆ. ಬಡಿಸುವ ಹುಡುಗರಲ್ಲಿ ಇಬ್ಬರು ಈ ಸಲ ಬಕೆಟ್ ಬಿಟ್ಟು ಈ ಕೆಲಸ ವಹಿಸಿಕೊಳ್ಳಲಿ. ಪೂಜೆಗೆ ಮೂರು ದಿನ ಮೊದಲೇ ಅಂಥವರನ್ನು ಸಂಪರ್ಕಿಸಿ, ಮಧ್ಯಾಹ್ನ ಎರಡೂವರೆಗೆ ಅನ್ನದ ಪಾತ್ರೆ ನೋಡಿ, ಹಳಸುವ ಮೊದಲೇ ಫೋನ್ ಮಾಡಿ.

ಮುಂದಿನ ಶನಿವಾರದ ಭಜನೆಗೆ ಬರುವಾಗ ಪ್ರತಿಯೊಬ್ಬ ಕನ್ನಿ ಸ್ವಾಮಿಯೂ ಒಂದು ಚೀಟಿ ತನ್ನಿ. ಹೆಸರು, ತರಗತಿ, ಯಾವ ಸ್ಟೇಷನ್, ಭಾನುವಾರ ಎಷ್ಟು ಗಂಟೆ ಕೊಡಬಲ್ಲಿರಿ, ಕೆಳಗೆ ಅಪ್ಪ ಅಥವಾ ಅಮ್ಮನ ಸಹಿ. ಒಂಬತ್ತನೆಯ ಮತ್ತು ಹನ್ನೊಂದನೆಯ ತರಗತಿಯವರು ರೈಟರ್ ಆಗಲು ಒಪ್ಪಿದ್ದರೆ ಅದನ್ನೂ ಬರೆಯಿರಿ, ಯಾವ ಭಾಷೆಯಲ್ಲಿ ವೇಗವಾಗಿ ಬರೆಯಬಲ್ಲಿರಿ ಎಂಬುದನ್ನೂ. ಚೀಟಿಗಳನ್ನು ನಿಮ್ಮ ನಿಮ್ಮ ಗುರುಸ್ವಾಮಿಯ ಕೈಗೆ ಕೊಡಿ.

ಸ್ವಾಮಿ ಶರಣಂ.